ನಿಂಬೆ ವಾಸನೆಯ ನೀಲಗಿರಿ

ಪ್ರಶ್ನೆ: ಸಾಸವಡದ ಹತ್ತಿರ ನಮ್ಮದು ಸ್ವಲ್ಪ ಮುರುಮಿನ (ಗರಸು ಮಣ್ಣಿನ) ಜಮೀನಿದೆ, ನೀರು ಕಡಿಮೆ. ಬೇಲಿ ಪಕ್ಕ ಒಂದು ನೀಲಗಿರಿ ಮರ. ಕಾಂಡ ಬೆಳ್ಳಗೆ ನುಣುಪಾಗಿದೆ, ಎಲೆಗೆ ನಿಂಬೆ ವಾಸನೆ. ಇದು ಊಟಿಯ ನೀಲಗಿರಿಯೇ? ಬೀಜದಿಂದ ಇನ್ನೊಂದೆರಡು ಬೆಳೆಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಊಟಿಯದ್ದಲ್ಲ. ನಿಮ್ಮದು ನಿಂಬೆ ನೀಲಗಿರಿ, ಅಂದರೆ ಕೊರಿಂಬಿಯಾ ಸಿಟ್ರಿಯೊಡೋರ. ತವರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್. 1995ರಲ್ಲಿ ಇದನ್ನು ಯೂಕಲಿಪ್ಟಸ್ ಗುಂಪಿನಿಂದ ಬೇರೆ ಮಾಡಿದರು, ಆದರೂ ನರ್ಸರಿಗಳಲ್ಲಿ ಹಳೇ ಹೆಸರೇ ಜಾಸ್ತಿ. ಊಟಿಯದ್ದು ಗ್ಲೋಬ್ಯುಲಸ್ ಅನ್ನುವ ಬೇರೆ ಜಾತಿ, ಅದಕ್ಕೆ ತಂಪು ಬೇಕು, ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಅದರ ಎಲೆ ಹಿಸುಕಿದರೆ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತದೆ. ಕೋಲಾರ ಕಡೆಯ ಮೈಸೂರು ನೀಲಗಿರಿ ಮತ್ತೂ ಬೇರೆ, ಅದರ ಮೊಗ್ಗನ್ನು ಮುಚ್ಚಿರುವ ಟೋಪಿ ಚೂಪಾಗಿ ಉದ್ದಕ್ಕಿರುತ್ತದೆ. ನಿಮ್ಮ ಮರದ ಮೊಗ್ಗಿಗೆ ಮೊಂಡು ಟೋಪಿ. ಕಾಯಿ ನೋಡಿ, ಕತ್ತು ಸಣ್ಣಗಾದ ಪುಟ್ಟ ಗಡಿಗೆಯ ಹಾಗಿರುತ್ತದೆ.

ಬೆಳೆಸಬಹುದು, ಖಂಡಿತ. ಬಲಿತು ಕಂದು ಬಣ್ಣಕ್ಕೆ ತಿರುಗಿದ, ಇನ್ನೂ ಬಾಯಿ ಬಿಡದ ಕಾಯಿ ಕಿತ್ತು ಕಾಗದದ ಮೇಲೆ ಹರಡಿ. ಒಣಗಿದ ಮೇಲೆ ಬೀಜ ತಾನೇ ಉದುರುತ್ತದೆ. ಫೆಬ್ರವರಿಯಲ್ಲಿ ಮರಳು ಬೆರೆಸಿದ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮರಳು ಮುಚ್ಚಿದರೆ ಸಾಕು. ಆಳಕ್ಕೆ ಹಾಕಿದರೆ ಮೇಲೆ ಬರುವುದೇ ಕಷ್ಟ. ನೀರನ್ನು ಸುರಿಯಬೇಡಿ, ಸ್ಪ್ರೇ ಮಾಡಿ.

ಒಂದು ಮಾತು ಮುಖ್ಯ. ಸಸಿಯ ಎಲೆ ದೊಡ್ಡ ಮರದ ಎಲೆಯ ಹಾಗಿರುವುದಿಲ್ಲ. ಅಗಲವಾಗಿ, ಒರಟಾಗಿ, ಮೈತುಂಬಾ ರೋಮ ಇರುತ್ತದೆ. ತೊಟ್ಟು ಎಲೆಯ ಅಂಚಿಗಲ್ಲ, ಅಂಚು ಬಿಟ್ಟು ಒಳಗೆ, ಎಲೆಯ ಕೆಳಮೈಗೆ ಅಂಟಿರುತ್ತದೆ. ಯಾವುದೋ ಕಳೆ ಅಂತ ಎಷ್ಟೋ ಜನ ಕಿತ್ತು ಎಸೆಯುತ್ತಾರೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅನುಮಾನ ಬಂದರೆ ಎಲೆಯನ್ನು ಸುಮ್ನೆ ಒಮ್ಮೆ ಉಜ್ಜಿ ಮೂಸಿ, ಆಗಲೇ ನಿಂಬೆ ವಾಸನೆ ಇರುತ್ತದೆ.

ಮಳೆ ಹಿಡಿದ ಮೇಲೆ, ಗಿಡ ಒಂದಡಿ ಇರುವಾಗಲೇ ನೆಡಿ. ದೊಡ್ಡ ಗಿಡ ಬೇಗ ಮರವಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಚೀಲದಲ್ಲಿ ಬೇರು ಸುತ್ತಿಕೊಂಡ ಗಿಡ ಮುಂದೆ ಗಾಳಿಗೆ ವಾಲುತ್ತದೆ. ಮೊದಲೆರಡು ಬೇಸಿಗೆ ನೀರು ಕೊಡಿ, ಆಮೇಲೆ ಅದೇ ಸಂಭಾಳಿಸಿಕೊಳ್ಳುತ್ತದೆ.

ಒಂದೆರಡು ಅಂದಿದ್ದೀರಿ, ಅಷ್ಟಕ್ಕೇ ನಿಲ್ಲಿಸಿ. ಅಂತರ್ಜಲದ ಚಿಂತೆಯಿಂದಲೇ ಕರ್ನಾಟಕ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀರಿಲ್ಲದ ಜಾಗದಲ್ಲಿ ತೋಪು ಬೇಡವೇ ಬೇಡ. ಬಾವಿ, ಮನೆ ಎರಡರಿಂದಲೂ ದೂರ ಇರಲಿ. ಕರಿಮಣ್ಣಿನಲ್ಲಿ ನೀರು ನಿಲ್ಲುವ ಮೂಲೆ ಬಿಟ್ಟು, ಮುರುಮಿನ ಏರಿನಲ್ಲೇ ಗುಂಡಿ ತೆಗೆಯಿರಿ.