ಅದಿರಿಗೆ ಹೊಳೆ, ಈರುಳ್ಳಿಗೆ ಲಾರಿ

ಪ್ರಶ್ನೆ: ನಾನು ಗೋವಾದ ವಾಸ್ಕೋದಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ಬೆಳಗಾವಿಯಿಂದ ತರಿಸುವ ಸರಕಿಗೆ ಲಾರಿ ಬಾಡಿಗೆ ಕೊಟ್ಟು ಸಾಕಾಗಿದೆ. ಜಲಸಾರಿಗೆ ಬಹಳ ಅಗ್ಗವೆನ್ನುತ್ತಾರೆ. ಹಾಗಿದ್ದರೆ ಗಣಿಯ ಅದಿರಿನಂತೆ ನಮ್ಮ ಸರಕೂ ಬಾರ್ಜಿನಲ್ಲಿ (ಸರಕು ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಯಲ್ಲಿ) ಏಕೆ ಬರುವುದಿಲ್ಲ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಅಗ್ಗವೆಂಬುದು ನಿಜ. ಒಂದು ಅಶ್ವಶಕ್ತಿಯು ರಸ್ತೆಯಲ್ಲಿ ಸುಮಾರು 150 ಕಿಲೋ, ರೈಲಿನಲ್ಲಿ 500 ಕಿಲೋ, ನೀರಿನಲ್ಲಿ 4,000 ಕಿಲೋ ಭಾರವನ್ನು ಎಳೆಯಬಲ್ಲದೆಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಕೊಡುವ ಲೆಕ್ಕ. ಭಾರವನ್ನು ನೀರೇ ಹೊರುವುದರಿಂದ, ನಿಧಾನವಾಗಿ ಸಾಗುವಷ್ಟು ಕಾಲ ಎಂಜಿನ್ನಿಗೆ ಹೆಚ್ಚು ಕೆಲಸವಿರುವುದಿಲ್ಲ. ಅಂಚು ನೀರಿಗೆ ತಾಗುವಂತೆ ತುಂಬಿಕೊಂಡು ಮಾಂಡವಿ ಹೊಳೆಯಲ್ಲಿ ಇಳಿಯುವ 2,000 ಟನ್ನಿನ ಒಂದು ಬಾರ್ಜು, ಹತ್ತು ಟನ್ನಿನ 200 ಟಿಪ್ಪರುಗಳನ್ನು ರಸ್ತೆಯಿಂದ ತಪ್ಪಿಸುತ್ತದೆ. ಗಣಿ ಸೀಮೆಯ ಧೂಳು ಕುಡಿದವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಆದರೆ ಈ ಲಾಭ ದಕ್ಕುವುದು ಸರಕು ಭಾರಿಯಾಗಿದ್ದು, ಅವಸರವಿಲ್ಲದೆ, ಹೊರಡುವ ಹಾಗೂ ತಲುಪುವ ತಾಣಗಳೆರಡೂ ನೀರಿನ ಪಕ್ಕದಲ್ಲಿದ್ದಾಗ ಮಾತ್ರ. ಸಾವರ್ಡೆಯ ಕಡೆಯ ಜೆಟ್ಟಿಯಲ್ಲಿ ಸುರಿದ ಅದಿರು ಜುವಾರಿ ಹೊಳೆಯ ಮೂಲಕ ನೇರವಾಗಿ ಮುರಗಾಂವ್ ಬಂದರನ್ನು ಸೇರುತ್ತದೆ. ಸಮುದ್ರದ ಹಡಗು ಅಲ್ಲಿಯೇ ಕಾದಿರುತ್ತದೆ. ಮಳೆಗಾಲದಲ್ಲಿ ಅಗ್ವಾದದ ಬಳಿ ಮಾಂಡವಿಯ ಅಳಿವೆಯನ್ನು ದಾಟುವುದು ಅಪಾಯಕರವಾದ್ದರಿಂದ, ಬಾರ್ಜುಗಳು ಕುಂಭಾರ್ಜುವೆ ಕಾಲುವೆಯಿಂದ ಜುವಾರಿಗೆ ಹೊರಳುವ ಅನುಕೂಲವೂ ಇಲ್ಲಿದೆ.

ನಿಮ್ಮ ಈರುಳ್ಳಿಗೆ ಈ ಭಾಗ್ಯವಿಲ್ಲ. ಮಾಂಡವಿಯು ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಆದರೂ, ಘಟ್ಟವಿಳಿದು ಸಮುದ್ರದ ಭರತ ಮುಟ್ಟುವ ಬಯಲಿಗೆ ಬರುವವರೆಗೆ ಅದು ಬಾರ್ಜು ನಡೆಯುವ ಹೊಳೆಯಲ್ಲ. ಚೋರ್ಲಾ ಘಾಟಿಯನ್ನು ಲಾರಿಯಲ್ಲಿಯೇ ಇಳಿದ ಮೂಟೆಗಳನ್ನು ಮತ್ತೆ ಜೆಟ್ಟಿಯಲ್ಲಿ ಇಳಿಸಿ, ಬಾರ್ಜಿಗೆ ಹೇರಿ, ವಾಸ್ಕೋದಲ್ಲಿ ಪುನಃ ಟೆಂಪೊಗೆ ತುಂಬಿದರೆ, ಡೀಸೆಲಿನಲ್ಲಿ ಉಳಿದದ್ದು ಹಮಾಲಿಗೇ ಸಲ್ಲುತ್ತದೆ, ಕೊಳೆತದ್ದು ಬೇರೆ.

2016ರ ಕಾಯ್ದೆಯು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಸಾರಿದಾಗ ಗೋವಾದ ಆರು ಹೊಳೆಗಳೂ ಆ ಪಟ್ಟಿಗೆ ಸೇರಿದವು. ಹೂಳೆತ್ತುವುದರಿಂದ ಮೀನು, ಚಿಪ್ಪುಗಳ ನೆಲೆ ಹಾಳಾಗುವುದೆಂದೂ, ಹೊಳೆ ಕಲ್ಲಿದ್ದಲಿನ ದಾರಿಯಾಗುವುದೆಂದೂ ಸ್ಥಳೀಯರು ವಿರೋಧಿಸಿದರು. ಆ ಆತಂಕವನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ಸರಿಯಲ್ಲ. ಉಳಿತಾಯದ ಲೆಕ್ಕ ಹಾಕುವಾಗ ಮೀನುಗಾರರ ನಷ್ಟವನ್ನೂ ಅದೇ ಪುಟದಲ್ಲಿ ಬರೆಯಬೇಕು.

ಸದ್ಯಕ್ಕೆ ನಿಮ್ಮ ಬಾಡಿಗೆ ಇಳಿಯುವ ದಾರಿ ಹೊಳೆಯಲ್ಲಿಲ್ಲ. ಅಕ್ಕಪಕ್ಕದ ಅಂಗಡಿಯವರೊಡನೆ ಕೂಡಿ ಒಂದೇ ಲಾರಿ ತುಂಬಿಸಿ, ಅದು ಬೆಳಗಾವಿಗೆ ಬರಿದಾಗಿ ಮರಳದಂತೆ ಇಲ್ಲಿಂದ ಲೋಡು ಹೊಂದಿಸಿಕೊಟ್ಟರೆ ಮಾಲೀಕನೊಡನೆ ಚೌಕಾಸಿಗೆ ಕೂರಬಹುದು.