ಮುಸುವ ಸುಮ್ನೆ ಕೂರುತ್ತದೆ, ಮಂಗ ಯಾಕೆ ಕೂರುವುದಿಲ್ಲ?

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಮಂಗಗಳೂ ಬರುತ್ತವೆ, ಕರಿಮೂತಿಯ ಮುಸುವಗಳೂ ಬರುತ್ತವೆ. ಮಂಗ ಎಳನೀರು ಕಿತ್ತು ಬಿಸಾಡುತ್ತದೆ, ಅಡುಗೆಮನೆಗೂ ನುಗ್ಗುತ್ತದೆ. ಮುಸುವ ಮಾತ್ರ ಹೊಟ್ಟೆ ಮುಂದೆ ಬಿಟ್ಟುಕೊಂಡು ಗಂಟೆಗಟ್ಟಲೆ ಮರದಲ್ಲಿ ಕೂತಿರುತ್ತದೆ. ಎರಡೂ ಒಂದೇ ಜಾತಿ ಅಲ್ವಾ?
– ಓದುಗರೊಬ್ಬರು, ಮುಳ್ಳೇರಿಯ, ಕಾಸರಗೋಡು

ಉತ್ತರ: ಅದು ಸೋಮಾರಿತನ ಅಲ್ಲ ಮಾರಾಯ್ರೇ, ಹೊಟ್ಟೆಯೊಳಗೆ ಕೆಲಸ ನಡೀತಾ ಇರುತ್ತದೆ. ಮುಸುವದ ಮುಖ್ಯ ಊಟ ಸೊಪ್ಪು. ಸೊಪ್ಪಿನ ನಾರು ಯಾವ ಮಂಗನ ಜೀರ್ಣರಸಕ್ಕೂ ಬಗ್ಗುವುದಿಲ್ಲ, ಬ್ಯಾಕ್ಟೀರಿಯಾಗಳೇ ಬೇಕು. ಅದಕ್ಕಾಗಿ ಮುಸುವದ ಜಠರ ದೊಡ್ಡದಾಗಿ, ಹಲವು ಕೋಣೆಗಳಾಗಿ ಬೆಳೆದಿದೆ, ತಿಂದ ಸೊಪ್ಪು ಅಲ್ಲಿ ಹಟ್ಟಿಯ ದನದ ಹೊಟ್ಟೆಯಲ್ಲಿ ಆಗುವ ಹಾಗೆಯೇ ನಿಧಾನಕ್ಕೆ ಹುಳಿಯುತ್ತದೆ. ಇಷ್ಟೆಲ್ಲ ಆದರೂ ಸಿಗುವ ಶಕ್ತಿ ಕಡಿಮೆ. ಹಾರಾಡಿ ಅದನ್ನು ಖರ್ಚು ಮಾಡುವುದಕ್ಕಿಂತ ಕೂರುವುದೇ ಲಾಭ. ಹಾಗಂತ ಅದು ಸಾಧು ಅಂತ ಏನಲ್ಲ, ಚಿಗುರು, ಎಳೆಕಾಯಿ ಅದೂ ಮುಗಿಸುತ್ತದೆ.

ಮಂಗ ಹಣ್ಣು, ಬೀಜ, ಹುಳ, ಹಕ್ಕಿಮೊಟ್ಟೆ, ನಿಮ್ಮ ದೋಸೆ ಎಲ್ಲ ತಿನ್ನುತ್ತದೆ. ಸೊಪ್ಪು ಎಲ್ಲ ಮರದಲ್ಲೂ ಉಂಟು, ಹಣ್ಣು ಹಾಗಲ್ಲ. ಯಾವ ಮರ ಯಾವಾಗ ಹಣ್ಣಾಗುತ್ತದೆ ಅಂತ ನೆನಪಿರಬೇಕು, ಸಿಕ್ಕಿದ ತಕ್ಷಣ ಬೇರೆಯವರು ಕಸಿಯುವ ಮುಂಚೆ ಬಾಚಿಕೊಳ್ಳಬೇಕು. ಅದಕ್ಕೇ ಮಂಗನ ಕೆನ್ನೆಯೊಳಗೆ ಚೀಲ ಇದೆ, ಮುಸುವಕ್ಕೆ ಇಲ್ಲ. ಮಂಗ, ವಾನರ, ಕಾಡುಪಾಪ ಎಲ್ಲ ಸೇರಿ 140ಕ್ಕೂ ಹೆಚ್ಚು ಪ್ರಭೇದಗಳನ್ನು ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಒಂದೇ ತೂಕದ್ದಾದರೆ, ಸೊಪ್ಪು ತಿನ್ನುವವಕ್ಕಿಂತ ಹಣ್ಣು ತಿನ್ನುವವುಗಳ ಮೆದುಳು ಸುಮಾರು ಶೇ. 25ರಷ್ಟು ದೊಡ್ಡದಂತೆ! ನಿಮ್ಮ ಅಡುಗೆಮನೆಯ ದಾರಿ ಮಂಗನಿಗೆ ಮರೆಯದಿರುವುದರಲ್ಲಿ ಆಶ್ಚರ್ಯ ಏನಿಲ್ಲ.

ಒಂದು ಮಾತು, ಪಾಪ ಅಂತ ಮುಸುವಕ್ಕೆ ಬಿಸ್ಕಿಟ್, ಸಿಹಿತಿಂಡಿ ಹಾಕಬೇಡಿ. ಸಕ್ಕರೆ ಆ ಹೊಟ್ಟೆಯಲ್ಲಿ ಬೇಗ ಹುಳಿದು ಆಮ್ಲ ಜಾಸ್ತಿಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ.

ಪ್ರಶ್ನೆ: ಹೋಳಿಗೆ ಕಂಡರೆ ನಮ್ಮ ನಾಯಿ ಬಾಲ ಅಲ್ಲಾಡಿಸುತ್ತದೆ. ಬೆಕ್ಕು ಮೂಸಿ ಹೋಗುತ್ತದೆ. ಯಾಕೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೆಕ್ಕಿಗೆ ಸಿಹಿ ಅಂದರೆ ಏನೆಂದೇ ಗೊತ್ತಿಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಅದರಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲಿ ಪತ್ತೆಯಾಯಿತು, ಹುಲಿಯದ್ದೂ ಅದೇ ಕತೆ. ಮಾಂಸವನ್ನೇ ನಂಬಿದ ಪ್ರಾಣಿಗೆ ಸಿಹಿ ಗೊತ್ತಾಗದಿದ್ದರೂ ನಷ್ಟವಿಲ್ಲ. ನಾಯಿ ಮನುಷ್ಯರ ಜೊತೆ ಅನ್ನ, ರೊಟ್ಟಿ ತಿಂದೇ ಬೆಳೆದದ್ದು. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಅದರಲ್ಲಿ ತೋಳಕ್ಕಿಂತ ತುಂಬಾ ಜಾಸ್ತಿ. ಹೋಳಿಗೆಗೆ ತುಪ್ಪ ಸವರಿಟ್ಟರೆ ಬೆಕ್ಕೂ ಬಂದೀತು, ಆದರೆ ನೆಕ್ಕುವುದು ತುಪ್ಪವನ್ನು ಮಾತ್ರ.