ಹಿಗ್ಸ್ ಕಣ ಇಷ್ಟು ಹಗುರ ಯಾಕೆ?

ಪ್ರಶ್ನೆ: ಹಿಗ್ಸ್ ಕಣ ಹಗುರವಾಗಿರುವುದೇ ಸಮಸ್ಯೆ, ಅದಕ್ಕೆ ಸೂಪರ್‌ಸಿಮೆಟ್ರಿ ಪರಿಹಾರ ಅಂತ ಓದಿದ್ದೆ. ಆ ಪರಿಹಾರ ಈಗಲೂ ನಿಲ್ಲುತ್ತದೆಯೇ?

ಉತ್ತರ: 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕ ಹಿಗ್ಸ್ (ಮೂಲಕಣಗಳಿಗೆ ತೂಕ ಕೊಡುವ ಕ್ಷೇತ್ರದ ಕಣ) ಸುಮಾರು 125 ಜಿಇವಿ (ಕಣಗಳ ತೂಕ ಹೇಳುವ ಏಕಮಾನ) ತೂಗುತ್ತದೆ. ಪ್ರೋಟಾನ್‌ಗಿಂತ ಸುಮಾರು 133 ಪಟ್ಟು ಭಾರ. ಹಾಗಾದರೆ ಇದು ಹಗುರ ಹೇಗಾಯಿತು ಅನಿಸುತ್ತದೆ, ಅಲ್ವಾ? ಆದರೆ ಟಾಪ್ ಕ್ವಾರ್ಕ್‌ನಂಥ (ಗೊತ್ತಿರುವ ಮೂಲಕಣಗಳಲ್ಲೇ ಅತಿ ಭಾರದ್ದು) ಕಣಗಳು ಕ್ವಾಂಟಮ್ ಪರಿಣಾಮದಿಂದ ಹಿಗ್ಸ್ ತೂಕವನ್ನು ತಿದ್ದುತ್ತಲೇ ಇರುತ್ತವೆ, ಈಗಿನ ಸಿದ್ಧಾಂತ ಪ್ಲಾಂಕ್ ಮಟ್ಟದವರೆಗೂ (ಗುರುತ್ವಕ್ಕೂ ಕ್ವಾಂಟಮ್ ಲೆಕ್ಕ ಬೇಕಾಗುವ ಅಗಾಧ ಶಕ್ತಿಯ ಮಟ್ಟ) ಸರಿ ಅಂದುಕೊಂಡರೆ ಆ ತಿದ್ದುಪಡಿಯೂ ಅಷ್ಟೇ ದೈತ್ಯವಾಗುತ್ತದೆ. ಆಗ 125 ಉಳಿಯಬೇಕಾದರೆ ಎರಡು ಭಾರೀ ಸಂಖ್ಯೆಗಳು 30ಕ್ಕೂ ಜಾಸ್ತಿ ಅಂಕೆಗಳವರೆಗೆ ಹೊಂದಿಕೊಂಡು ಕಳೆದುಹೋಗಬೇಕು. ಅದು ಸುಮ್ನೆ ಆಗಿಬಿಟ್ಟಿತು ಅಂದರೆ ನನಗಂತೂ ಒಪ್ಪಲು ಕಷ್ಟ.

ಸೂಪರ್‌ಸಿಮೆಟ್ರಿಯಲ್ಲಿ ಪ್ರತಿ ಕಣಕ್ಕೂ ಜೊತೆಗಾರ ಕಣ ಇರುತ್ತದೆ. ಟಾಪ್‌ಗೆ ಸ್ಟಾಪ್. ಟಾಪ್ ಒಂದು ಕಡೆ ಎಳೆದರೆ ಸ್ಟಾಪ್ ಇನ್ನೊಂದು ಕಡೆ ಎಳೆಯುತ್ತದೆ, ಲೆಕ್ಕ ತಾನಾಗಿ ಸರಿಹೋಗುತ್ತದೆ. ನಿಜಕ್ಕೂ ಚಂದದ ಯೋಚನೆ! ಸ್ಟಾಪ್ ತೀರಾ ಭಾರ ಇರಬಾರದು, ಅಷ್ಟೇ.

ತೊಡಕು ಇರುವುದೂ ಅಲ್ಲೇ. ಸೂಪರ್‌ಸಿಮೆಟ್ರಿಯ ಅತಿ ಸರಳ ಮಾದರಿಯ ಮೊದಲ ಹಂತದ ಲೆಕ್ಕದಲ್ಲಿ (ಕ್ವಾಂಟಮ್ ತಿದ್ದುಪಡಿ ಸೇರಿಸುವ ಮೊದಲು) ಹಿಗ್ಸ್ ತೂಕ, ದುರ್ಬಲ ಬಲವನ್ನು ಒಯ್ಯುವ ಝಡ್ ಬೋಸಾನ್ ಕಣದ 91 ಜಿಇವಿಯನ್ನು ದಾಟುವುದಿಲ್ಲ. ಅದನ್ನು 125ಕ್ಕೆ ಏರಿಸಲು ಭಾರದ ಸ್ಟಾಪ್ ಬೇಕು, ಇಲ್ಲವೇ ಎರಡು ಬಗೆಯ ಸ್ಟಾಪ್‌ಗಳು ಚೆನ್ನಾಗಿ ಬೆರೆಯಬೇಕು. ಭಾರ ಹೆಚ್ಚಿದಷ್ಟೂ ಹಳೆಯ ಹೊಂದಾಣಿಕೆಯ ಕಾಟ ಮರಳುತ್ತದೆ, ಮೊದಲಿನಷ್ಟು ಭೀಕರವಾಗಿ ಅಲ್ಲ. ಸರ್ನ್‌ನಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಎಲ್‌ಎಚ್‌ಸಿಯಲ್ಲಿ ಜೊತೆಗಾರ ಕಣ ಒಂದೂ ಕಂಡಿಲ್ಲ. ಹೊಸದೊಂದು ಕ್ಷೇತ್ರ (ಅಂದರೆ ಇನ್ನೊಂದು ಬಗೆಯ ಕಣ) ಸೇರಿಸಿದ ಸೂಪರ್‌ಸಿಮೆಟ್ರಿ ಮಾದರಿಗಳಲ್ಲಿ ಹಿಗ್ಸ್‌ಗೆ ಮೊದಲ ಹಂತದಲ್ಲೇ ಇನ್ನಷ್ಟು ತೂಕ ಬರುತ್ತದೆ, ಅವು ನನಗೆ ಹೆಚ್ಚು ಹಿಡಿಸುತ್ತವೆ.